ಏಟಿಗಡ್ಡದ ಹೆಸರಿನ ಕಲ್ಲು

"ನನ್ನ ಮಗ ಕೊಂದಿಲ್ರಿ. ಅಜ್ಜನ ಕೂಡ ಜಗಳ ಆಡ್ಯಾನ, ಅಷ್ಟ." ಬಸಲಿಂಗಮ್ಮ ಎರ್ರೆಪ್ಪನವರ ಬಾಗಿಲಲ್ಲೇ ಕುಸಿದಳು.

೧೯೭೯ರ ಬೇಸಿಗೆ. ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಔಷಧಿ ಅಂಗಡಿಯ ಪಕ್ಕದ ಮನೆ ನಿವೃತ್ತ ಇನ್ಸ್‌ಪೆಕ್ಟರ್ ಎರ್ರೆಪ್ಪನವರದು. ಅವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನನ್ನ ವ್ಯಾಪಾರದ ಚಿಂತೆ ಅವರಿಗೆಲ್ಲಿ? ಗೊಣಗುತ್ತ ಬಾಗಿಲೆಳೆದು ಹಿಂಬಾಲಿಸಿದೆ.

ಏಟಿಗಡ್ಡ ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿ, ದೂರದ ಬಯಲಿಗೆ ಎದ್ದುಬಂದ ಊರು. ಹೆಸರು ತೆಲುಗಿನದು, ನದೀದಂಡೆ ಎಂದು ಅರ್ಥ ಎನ್ನುತ್ತಿದ್ದ ಊರ ಹಿರಿಯ ಹುಲುಗಪ್ಪಜ್ಜ. ಈ ಬಯಲಲ್ಲಿ ಎಲ್ಲಿಯ ನದಿ ಎಂದು ಹುಡುಗರು ನಗುತ್ತಿದ್ದರು. ಬಸಲಿಂಗಮ್ಮನ ಮಗ ಓಬಳೇಶನಂತೂ ಹಿಂದಿನ ದಿನ ಅದೇ ಮಾತಿಗೆ ಎಲ್ಲರೆದುರು ಅಜ್ಜನ ಮೇಲೆ ಕೈ ಎತ್ತಿದ್ದ. ಇತ್ತ ಅದೇ ಊರಿನ ಹನುಮಣ್ಣ, ನೀರಿಳಿದ ಹಳೇ ಊರಲ್ಲಿ ತನಗೊಂದು ಶಾಸನ ಸಿಕ್ಕಿದೆ, ಗಡ್ಡದ ಗೌಡನೆಂಬ ತನ್ನ ಹಿರಿಯನಿಂದಲೇ ಈ ಹೆಸರು ಬಂತು ಎಂದು ಸಾರಿದ್ದ. ಕಲ್ಲನ್ನು ಊರು ಒಪ್ಪಿದರೆ, ಊರು ಕಟ್ಟಿದವರ ಮನೆಗೆ ಸಲ್ಲುವ ಮೊದಲ ವೀಳ್ಯ ಅವನದಾಗುತ್ತಿತ್ತು.

ಅಜ್ಜ ತಲೆ ಒಡೆದು ಓಬಳೇಶನ ಹಿತ್ತಲಲ್ಲಿ ಸತ್ತುಬಿದ್ದಿದ್ದ. ಎರ್ರೆಪ್ಪ ಹೆಣದ ಕೈ ಎತ್ತಿ ನೋಡಿದರು. ಉಗುರಿನಡಿ ಬೂದುಬಣ್ಣದ ಹೊಟ್ಟು. ಬೂದಿ ಎಂದೆ ನಾನು. ಮೂಸಿ ನೋಡು ಎಂದರು. ಮಸಾಲೆಗೆ ಹಾಕುವ ಕಲ್ಲುಹೂವಿನ ವಾಸನೆ.

ಗೋಡೆಯಾಚೆಗೆ ಹನುಮಣ್ಣನ ಮನೆ. ಅಜ್ಜ ಇಲ್ಲಿಗೆ ಬಂದಿದ್ದನೇ ಎಂದು ಕೇಳಿದರು.

"ನಮ್ಮ ಹೊಸ್ತಿಲಾ ತುಳಿದಿಲ್ರಿ. ಕಲ್ಲು ನಾ ಬಿಟ್ರ ಯಾರೂ ಮುಟ್ಟಿಲ್ಲ, ನೋಡಿಲ್ಲ," ಎಂದ ಹನುಮಣ್ಣ.

ಬೇವಿನ ಮರದಡಿ ಊರು ಸೇರಿತು. ಓಬಳೇಶನ ಕೈಗೆ ಬೇಡಿ ಬಿದ್ದಿತ್ತು, ಪೊಲೀಸರ ಜೀಪು ಕಾಯುತ್ತಿತ್ತು. ಎರ್ರೆಪ್ಪ ಕಲ್ಲನ್ನು ತರಿಸಿ ಗೋಣಿ ಸರಿಸಿದರು. ಅದರ ಬೆನ್ನ ಮೇಲೆಲ್ಲ ಕಲ್ಲುಹೂವು ಹಬ್ಬಿತ್ತು. ಒಂದೆಡೆ ಮಾತ್ರ ಉಗುರಿನಿಂದ ಕೆರೆದ ಹೊಸ ಗೀರುಗಳು.

"ಕಲ್ಲುಹೂವು ಗಾಳಿ ಬಿಸಿಲಾಗ ಬೆಳೀತೈತಿ," ಎಂದರು ಎರ್ರೆಪ್ಪ. "ವರ್ಷಾ ವರ್ಷಾ ನೀರಾಗ ಮುಳುಗೋ ಕಲ್ಲಿನ ಮ್ಯಾಲೆ ಉಳಿಯಂಗಿಲ್ಲ. ಇದು ಗುಡ್ಡದ ಕಲ್ಲು, ಅಕ್ಷರ ಮೊನ್ನೆ ಕೆತ್ತಿಸಿದ್ದು. ಅಜ್ಜ ಕೆರೆದು ನೋಡಿ ಅದನ್ನ ತಿಳಕೊಂಡ. ಓಬಳೇಶನ ಜಗಳ ಎಲ್ಲಾರೂ ಕಂಡಿದ್ರು, ಅದಕ್ಕ ಹೆಣ ಗೋಡಿ ದಾಟಿ ಅವನ ಹಿತ್ತಲಕ್ಕ ಬಿತ್ತು. ಯಾರೂ ಮುಟ್ಟದ ಕಲ್ಲಿನ ಹೊಟ್ಟು ಸತ್ತವನ ಉಗುರಾಗ ಹೆಂಗ ಬಂತು, ಹನುಮಣ್ಣ?"

ಹನುಮಣ್ಣ ಕಲ್ಲಿನ ಪಕ್ಕದಲ್ಲೇ ಕುಕ್ಕರಿಸಿದ. "ಊರ ಮುಂದ ಹೇಳ್ತೀನಿ ಅಂದ ಅಜ್ಜ. ನನ್ನ ಕೈಯಾಗ ಗುದ್ಲಿ ಇತ್ರಿ."

ಬೇಡಿ ಬಿಚ್ಚಿದರು. ತಾಯಿ ಓಬಳೇಶನನ್ನು ತಬ್ಬಿಕೊಂಡು ಅತ್ತಳು. ದವಾಖಾನೆಯಿಂದ ಹೆಣ ಬಂದಾಗ ಅವನೇ ಮುಂದೆ ಬಂದ.

"ಅಜ್ಜನ್ನ ಇಲ್ಲಿ ಮಣ್ಣು ಮಾಡಬ್ಯಾಡ್ರಿ. ಹೊಳಿ ದಂಡಿಗೆ ಒಯ್ಯೋಣು."

ಯಾರೂ ನಗಲಿಲ್ಲ. ಸರದಿಯಂತೆ ನಾನೂ ಹೆಗಲು ಕೊಟ್ಟೆ. ಹಳೇ ಊರು ಮುಟ್ಟುವವರೆಗೂ ಓಬಳೇಶ ಮಾತ್ರ ತನ್ನ ಹೆಗಲನ್ನು ಯಾರಿಗೂ ಬಿಟ್ಟುಕೊಡಲಿಲ್ಲ.