ಕೈ ಹಾಕಿ ನೋಡಿದ ಹನ್ನೆರಡು ಮಂದಿ

ಬೂಟುಗಾಲು ನನ್ನ ಎಡಗೈ ಬೆರಳುಗಳ ಮೇಲಿತ್ತು.

ಪಾದಚಾರಿ ಸೇತುವೆಯ ಅಂಚಿಗೆ ನಾನು ಬಾವಲಿಯಂತೆ ಜೋತುಬಿದ್ದಿದ್ದೆ. ಹದಿನೈದು ಅಡಿ ಕೆಳಗೆ ಹೆದ್ದಾರಿಯ ಅಂಚು... ಪಕ್ಕದಲ್ಲೇ ಲಾರಿಗಳ ಸಾಲು. ಹತ್ತಿ ಬಂದ ಏಣಿ? ಅದನ್ನು ಬೂಟಿನ ಒಡೆಯ ಆಗಲೇ ಒದ್ದು ಕೆಡವಿದ್ದ!

ಮಟಮಟ ಮಧ್ಯಾಹ್ನ. ಇಂಥ ಕೆಲಸಕ್ಕೆ ಕತ್ತಲು ಬೇಕೆಂದವರು ಯಾರು?

"ಮೊಬೈಲ್ ಬಿಸಾಕು," ಅಂದ.

"ಎರಡೂ ಕೈಗೆ ಬಿಡುವಿಲ್ಲ," ಅಂದೆ.

ಮೊಬೈಲ್ ನನ್ನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಲೈವ್ ಓಡುತ್ತಿತ್ತು.

ಇಲ್ಲಿಗೆ ಹೇಗೆ ಬಂದೆ ಎಂದಿರಾ?

ಅಂತರ್ಜಾಲದಲ್ಲಿ ಮಸಿ ಬಳಿಸಿಕೊಂಡವರ ಮುಖ ತೊಳೆಯುವುದು ನನ್ನ ಕಸುಬು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನರೇ ನನ್ನ ಅನ್ನದಾತರು. ಆ ಬೆಳಿಗ್ಗೆ ನನ್ನನ್ನು ಕರೆಸಿದವನು ಇದೇ ಸೇತುವೆ ಕಟ್ಟಿದ ಕಂಟ್ರಾಕ್ಟರ್. ಸೇತುವೆಯ ತೊಲೆ ಬಿರುಕು ಬಿಟ್ಟಿದೆಯೆಂದು ನಿವೃತ್ತ ಗಣಿತದ ಟೀಚರೊಬ್ಬರು ಫೋಟೊ ಹಾಕಿದ್ದರು. ಅದು ಕಂಪ್ಯೂಟರಿನಲ್ಲಿ ಹುಟ್ಟಿದ ಬಿರುಕು ಎಂಬುದು ಅವನ ವಾದ. ಸಂಜೆ ಐದರೊಳಗೆ ಟೀಚರ್ ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಬೇಕು. ಇಲ್ಲವಾದರೆ ಸುಳ್ಳು ಸುದ್ದಿ ಹಬ್ಬಿಸಿದ ಕೇಸು... ಬಂಧನ!

ಸಹಿ ಹಾಕಿಸುವುದು ನನ್ನ ಪಾಲಿನ ಕೆಲಸ. ಅರ್ಧ ಗಂಟೆ ಸಾಕು ಅಂದುಕೊಂಡೆ.

ಟೀಚರ್ ಮೊಮ್ಮಗಳ ಯೂನಿಫಾರ್ಮಿಗೆ ಗುಂಡಿ ಹೊಲಿಯುತ್ತಿದ್ದರು. ನನ್ನ ಪತ್ರ ಮುಟ್ಟಲಿಲ್ಲ. ಸೊಸೆ ಮಾತ್ರ ನನ್ನ ಪರವಾಗಿಯೇ ವಾದಿಸಿದಳು. ಅತ್ತೆ ಒಂದು ಸಹಿ ಗೀಚಿದರೆ ಪೀಡೆ ಕಳೆಯುತ್ತದೆ, ಪೊಲೀಸರು ಬಾಗಿಲಿಗೆ ಬಂದರೆ ಅಕ್ಕಪಕ್ಕದವರಿಗೆ ಯಾವ ಮುಖ ತೋರಿಸುವುದು ಎಂದಳು. ಇಂಥವಳು ನನ್ನ ಆಫೀಸಿನಲ್ಲಿರಬೇಕಿತ್ತು.

ಟೀಚರ್ ಕನ್ನಡಕದ ಮೇಲಿಂದ ನನ್ನನ್ನು ಅಳೆದರು.

"ನೀನು ನೋಡಿದ್ಯೇನಪ್ಪ?"

"ಫೋಟೊ ತಾನೆ? ನೂರು ಸಲ."

"ಸೇತುವೆ."

ನಾನು ನೋಡಿರಲಿಲ್ಲ.

"ನಲವತ್ತು ಸಾವಿರ ಜನ ಹಂಚ್ಕೊಂಡ್ರು. ಹೊಗಳಿದವರೂ ನೋಡಿಲ್ಲ, ಬೈದವರೂ ನೋಡಿಲ್ಲ. ನನ್ನನ್ನ ನಂಬು ಅಂತ ನಾನು ಹೇಳಲ್ಲ. ಹೋಗಿ ಕೈ ಹಾಕಿ ನೋಡು. ಬಿರುಕಿಲ್ದಿದ್ರೆ ವಾಪಸ್ ಬಾ, ಸಹಿ ಹಾಕ್ತೀನಿ."

ಎಂಟು ನಿಮಿಷದ ಹಾದಿ. ಗಟ್ಟಿ ತೊಲೆಯನ್ನು ಲೈವಿನಲ್ಲಿ ತೋರಿಸಿ ಮುದುಕಿಯ ಬಾಯಿ ಮುಚ್ಚಿಸುವ ಹುಮ್ಮಸ್ಸಿನಲ್ಲಿ ಬಣ್ಣದಂಗಡಿಯಿಂದ ಏಣಿ ಎರವಲು ತಂದೆ. ಹತ್ತಿದೆ. ಕೈ ಹಾಕಿದೆ.

ಮಣಿಕಟ್ಟಿನವರೆಗೆ ಒಳಗೆ ಹೋಯಿತು...

ಕಬ್ಬಿಣ ಇರಬೇಕಾದ ಜಾಗದಲ್ಲಿ ತುಕ್ಕಿನ ಪುಡಿ. ಅಷ್ಟರಲ್ಲಿ ಮೇಲೆ ಪ್ರತ್ಯಕ್ಷವಾಯಿತು ಈ ಬೂಟು. ಕಂಟ್ರಾಕ್ಟರನ ಹೆಂಡತಿಯ ತಮ್ಮ. ಭಾವ ಕಟ್ಟಿದ ಎಲ್ಲಕ್ಕಿಂತ ಇವನೇ ಗಟ್ಟಿ.

ಇಡೀ ಊರು ಲೈವ್ ನೋಡುತ್ತಿದೆ, ನಿನ್ನ ಕತೆ ಮುಗಿಯಿತು ಎಂದು ಬೆದರಿಸಿದೆ. ಅವನು ನಕ್ಕು ತನ್ನ ಮೊಬೈಲ್ ತೆಗೆದ.

"ಓದ್ಲಾ? 'ಗ್ರಾಫಿಕ್ಸ್ ಸೂಪರ್.' 'ಬಿರುಕು ಅಸಲಿ, ಕೈ ನಕಲಿ.' ಇಲ್ಲೊಬ್ರು ನನ್ನ ಬೂಟು ಯಾವ ಅಂಗಡೀದು ಅಂತ ಕೇಳ್ತಿದಾರೆ."

ಒಂಬತ್ತು ಸಾವಿರ ಮಂದಿ ನನ್ನ ಸಾವಿಗೆ ಸಾಕ್ಷಿಯಾಗಲು ಕಾದಿದ್ದರು. ಪೊಲೀಸರಿಗೆ ಫೋನ್ ಮಾಡಿದವರೆಷ್ಟು ಎಂದು ಆಮೇಲೆ ವಿಚಾರಿಸಿದೆ. ಸೊನ್ನೆ! ಎಲ್ಲರೂ ಕಾಮೆಂಟ್ ಬರೆಯುವುದರಲ್ಲಿ ತಲ್ಲೀನರು.

ಬೂಟು ಒತ್ತಿತು. ಕಿರುಬೆರಳು ಲಟಕ್ಕೆಂದಿತು.

"ಕಾಲು ತೆಗಿಯೋ."

ಕೆಳಗಿನಿಂದ ಬಂದ ದನಿ. ಮೂವತ್ತೈದು ವರ್ಷ ತರಗತಿ ಆಳಿದ ದನಿಗೆ ಲಾರಿಗಳು ಯಾವ ಲೆಕ್ಕ?

"ಏಳನೇ ಕ್ಲಾಸಲ್ಲೂ ಪಕ್ಕದವನ ಕೈ ತುಳೀತಿದ್ದೆ. ಇನ್ನೂ ಬಿಟ್ಟಿಲ್ವಾ?"

ಬೂಟು ತಾನಾಗಿ ಹಿಂದೆ ಸರಿಯಿತು.

"ಇಲ್ಲ ಟೀಚರ್..." ಅಂದ. ಅಭ್ಯಾಸಬಲ!

ಟೀಚರ ಹಿಂದೆ ಬಟ್ಟೆ ಕಾರ್ಖಾನೆಯ ಹನ್ನೊಂದು ಕೆಲಸಗಾರರು. ನೋಡಲು ಒಬ್ಬ ಹೊರಟನೆಂದರೆ ಇನ್ನೊಬ್ಬರೂ ಹೊರಡುತ್ತಾರೆ ಎಂಬುದು ಟೀಚರ ಗಣಿತ. ನಾನು ಹೊರಟಿದ್ದೇ ತಡ, ಕಾರ್ಖಾನೆಯ ಗೇಟಿನಲ್ಲಿ ನಿಂತು, ಪಾಳಿ ಮುಗಿಸಿದವರನ್ನು ಒಬ್ಬೊಬ್ಬರನ್ನಾಗಿ ತಡೆದು, ಮೊಬೈಲ್ ಒಳಗಿಟ್ಟು ಬಂದು ಕಣ್ಣಾರೆ ನೋಡಿ ಎಂದು ಕರೆದಿದ್ದರಂತೆ. ದಿನವೂ ಆ ಸೇತುವೆ ದಾಟುವವರು ಎರಡು ಸಾವಿರ. ಬಂದವರು ಹನ್ನೊಂದು.

ಅಷ್ಟು ಜನರನ್ನು ಕಂಡು ಬೂಟು ಮೆಟ್ಟಿಲಿಳಿದು ಮಾಯವಾಗಿತ್ತು. ಅವರು ಏಣಿಯನ್ನೆತ್ತಿ ನನ್ನ ಕಾಲಡಿಗೆ ಕೊಟ್ಟರು. ನಾನಿಳಿದೆ. ಅವರು ಒಬ್ಬೊಬ್ಬರಾಗಿ ಹತ್ತಿ, ಬಿರುಕಿನೊಳಗೆ ಕೈ ಹಾಕಿ, ಇಳಿದು, ತುಕ್ಕು ಮೆತ್ತಿದ ಕೈಯಲ್ಲೇ ಟೀಚರ್ ನಗರಸಭೆಗೆ ಬರೆದು ತಂದ ಅರ್ಜಿಗೆ ಸಹಿ ಮಾಡಿದರು. ಹನ್ನೆರಡನೆಯ ಸಹಿ ನನ್ನದು... ನನ್ನದೇ ಕಕ್ಷಿದಾರನ ವಿರುದ್ಧ!

ಅರ್ಜಿ ಓದಿದ ನಗರಸಭೆಯ ಎಂಜಿನಿಯರ್ ನಾಲ್ಕೂವರೆಗೆ ಬಂದ. ತೊಲೆ ಅಳೆದ. ಸೇತುವೆಯ ಮೇಲೆ ಮಾತ್ರ ಕಾಲಿಡಲೊಲ್ಲ. ಎರಡೂ ತುದಿಗೆ ಹಗ್ಗ ಕಟ್ಟಿಸಿ ವರದಿ ಬರೆದ. ಐದಕ್ಕೆ ಟೀಚರನ್ನು ಕರೆದೊಯ್ಯಲು ಬಂದ ಇನ್ಸ್‌ಪೆಕ್ಟರ್ ಅದನ್ನೋದಿ, ಜೀಪನ್ನು ಕಂಟ್ರಾಕ್ಟರನ ಮನೆಯ ಕಡೆ ತಿರುಗಿಸಿದ. ಸೊಸೆ ಆಗಲೇ ಅಕ್ಕಪಕ್ಕದವರಿಗೆ, ಅತ್ತೆಗೆ ಧೈರ್ಯ ತುಂಬಿದ್ದೇ ತಾನು ಎನ್ನುತ್ತಿದ್ದಳು.

ನಾನು ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಹಗ್ಗದ ಬಳಿ ನಿಂತೆ. ಒಬ್ಬ ಮೊಬೈಲ್ ನೋಡುತ್ತಲೇ ಬಂದು ಹಗ್ಗ ದಾಟಲು ಕಾಲೆತ್ತಿದ. ಕಾಲರ್ ಹಿಡಿದೆ.

"ಬಿಡ್ರೀ, ಸೇತುವೆ ಮುಚ್ಚಿದಾರೆ ಅನ್ನೋದೇ ಸುಳ್ಳಂತೆ. ಕಲ್ಲುಗುಂಡಿನ ಹಾಗಿದೆ ಅಂತ ಗ್ರೂಪಲ್ಲಿ ಬಂದಿದೆ."

ಅವನ ಮೊಬೈಲ್ ಕಿತ್ತು ಸೇತುವೆಯ ನಟ್ಟನಡುವಿಗೆ ಎಸೆದೆ.

"ಹೋಗಿ ತಗೊಂಡು ಬಾ," ಅಂದೆ.

ಅವನು ಇನ್ನೂ ಹಗ್ಗದ ಈಚೆಗೇ ನಿಂತಿದ್ದಾನೆ.