ಮೂರನೇ ಕ್ಲಾಸಿನ ಬಾಗಿನ

"ಏನ್ ಮಿಸ್, ನಿಮ್ಮ ಮಕ್ಕಳು ಹನುಮಕ್ಕನ್ನ ಅಳಿಸಿಬಿಟ್ರಂತೆ?"

ಬಾಗಿಲಲ್ಲಿ ನಿಂತು ಹೀಗೆ ಕೇಳಿದವನು ಬದರೀನಾರಾಯಣ, ಆ ಜೂನ್‌ನಲ್ಲಷ್ಟೇ ಶಾಲೆಗೆ ಸೇರಿದ ಡ್ರಾಯಿಂಗ್ ಮೇಷ್ಟ್ರು. ತುಟಿ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಗಂಗರತ್ನಳಿಗೆ ಮೈಯೆಲ್ಲ ಉರಿಯಿತು.

ನಡೆದದ್ದು ಇಷ್ಟೇ. ಬಸವನಗುಡಿಯ ಆ ಪುಟ್ಟ ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರಾಗಿದ್ದ ಗಂಗರತ್ನ, ಮಕ್ಕಳಿಗೆ ಕೃತಜ್ಞತೆ ಕಲಿಸಿಯೇ ತೀರುತ್ತೇನೆಂದು ಹಟ ತೊಟ್ಟಿದ್ದಳು. ಆಯಾ ಹನುಮಕ್ಕ ಕುಡಿಯುವ ನೀರು ತಂದಿಟ್ಟ ಕೂಡಲೇ ಇಡೀ ಕ್ಲಾಸು ಎದ್ದು ನಿಂತು, ಮಗ್ಗಿ ಒಪ್ಪಿಸುವ ರಾಗದಲ್ಲಿ 'ಧನ್ಯ-ವಾದ-ಗಳೂ' ಎಂದು ಕೂಗಿತು. ಹನುಮಕ್ಕ ಬಿಂದಿಗೆ ಕೆಳಗಿಟ್ಟು, "ನಾನೇನ್ ತಪ್ ಮಾಡ್ದೆ ಮಿಸ್ಸೇ?" ಎಂದು ಅತ್ತೇಬಿಟ್ಟಳು. ಮಕ್ಕಳಿಗೆ ಗಂಟಲು ಹರಿಯುವಂತೆ ಕೂಗಿದ ಖುಷಿಯೊಂದೇ ಲಾಭ.

"ನಗೋಕೆ ಬಂದಿದ್ರೆ ನಕ್ಕು ಹೋಗಿ ಸಾರ್. ನಂಗೆ ಕೆಲಸ ಇದೆ."

"ನಗೋಕಲ್ಲ, ಸಹಾಯಕ್ಕೆ ಬಂದೆ. ಬಾಯಿಪಾಠ ಮಾಡಿಸಿದ್ದು ಬಾಯಲ್ಲೇ ಉಳ್ಕೊಳತ್ತೆ ಮಿಸ್. ಮಕ್ಕಳ ಕೈಗೆ ಕೆಲಸ ಕೊಡಿ. ಏನಾದ್ರೂ ತಾವೇ ಮಾಡಲಿ, ತಾವೇ ಯಾರಿಗಾದ್ರೂ ಕೊಡಲಿ."

ಮಾತು ಸರಿಯಾಗಿತ್ತು. ಹೇಳಿದ ಧಾಟಿಗೆ ಸಿಟ್ಟು ಬಂದಿದ್ದರೂ, ಕೊನೆಯ ಪೀರಿಯಡ್ ಅವನಿಗೆ ಬಿಟ್ಟುಕೊಟ್ಟಳು.

ಮರುದಿನ ಅವನು ಅವೆನ್ಯೂ ರಸ್ತೆಯ ಪ್ರೆಸ್ಸಿನಿಂದ ಲಗ್ನಪತ್ರಿಕೆ ಕತ್ತರಿಸಿ ಉಳಿದ ರಟ್ಟಿನ ಚೂರುಗಳನ್ನು ಚೀಲದ ತುಂಬ ಹೊತ್ತು ತಂದ. ಅರಿಶಿನ ಬಣ್ಣದ್ದು, ಗುಲಾಬಿ ಬಣ್ಣದ್ದು, ಅಂಚಿಗೆ ಚಿನ್ನದ ಗೆರೆಯಿದ್ದದ್ದು. ಮೈದಾ ಅಂಟು, ಕತ್ತರಿ, ನೆಲದ ತುಂಬ ಮಕ್ಕಳು. ಬದರಿ ಮಂಡಿಯೂರಿ ಕೂತು ಒಬ್ಬೊಬ್ಬರ ಬೆರಳು ಹಿಡಿದು ಮಡಿಸಲು ಕಲಿಸುತ್ತಿದ್ದ. ಅವನ ಮೂಗಿನ ತುದಿಗೆ ಅಂಟು ಮೆತ್ತಿಕೊಂಡಿತ್ತು.

"ಮೂಗು" ಎಂದಳು ಗಂಗರತ್ನ.

"ಏನು?"

"ನಿಮ್ಮ ಮೂಗಿಗೆ ಅಂಟು ಸಾರ್."

"ಇರಲಿ ಬಿಡಿ. ಅದರ ನೆಪದಲ್ಲಾದ್ರೂ ನೀವು ಈ ಕಡೆ ನೋಡಿದ್ರಲ್ಲ."

ಕಿವಿ ಬಿಸಿಯಾಯಿತು. ಛೇ, ಇದೇನು ಎಂದು ತನ್ನನ್ನೇ ಗದರಿಸಿಕೊಂಡಳು. ಆದರೂ ಆಮೇಲಿನ ದಿನಗಳಲ್ಲಿ ಬೆಳಗಿನ ಪ್ರಾರ್ಥನೆ ಮುಗಿಯುವ ಮುನ್ನವೇ ಕೊನೆಯ ಪೀರಿಯಡ್ಡಿನ ದಾರಿ ಕಾಯತೊಡಗಿದಳು.

ಅವನಿಗೆ ಗೊತ್ತಿಲ್ಲದ್ದು ಒಂದಿತ್ತು. ಮದುವೆಯಾಗಿ ವರ್ಷ ತುಂಬುವ ಮೊದಲೇ ಕಾಮಾಲೆ ಗಂಗರತ್ನಳ ಗಂಡನನ್ನು ಕರೆದುಕೊಂಡು ಹೋಗಿತ್ತು. ಅಂದಿನಿಂದ ಅವಳು ಚಾಮರಾಜಪೇಟೆಯ ತವರಿನಲ್ಲಿ, ತಂದೆ ನಂಜುಂಡಯ್ಯನವರ ಜೊತೆಗಿದ್ದಳು. ಹಣೆಗೆ ಸಾಸಿವೆಯಷ್ಟು ಕಪ್ಪು ಬೊಟ್ಟು. ಗೊತ್ತಿಲ್ಲದವರು ಅದನ್ನು ಫ್ಯಾಷನ್ ಎಂದುಕೊಳ್ಳುತ್ತಿದ್ದರು. ಗೊತ್ತಿದ್ದವರು ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಅವಳು ದಿನ ದೂಡಿದಳು. ಗೊತ್ತಾದರೆ ಆ ಕಣ್ಣಿನ ನಗು ನಿಂತುಹೋದೀತು ಎಂಬ ಭಯ ಅವಳಿಗೆ.

ಗೌರಿ ಹಬ್ಬ ಹತ್ತಿರ ಬಂತು. ಅಂಗಡಿಗಳ ಮುಂದೆ ಬಿದಿರಿನ ಮೊರಗಳ ರಾಶಿ ಬಿತ್ತು. ಮಲ್ಲೇಶ್ವರದಿಂದ ಬಸ್ಸಿನಲ್ಲಿ ಬರುವಾಗ ಅದನ್ನು ನೋಡಿದ ಬದರಿಗೆ ಹೊಸ ಹುಮ್ಮಸ್ಸು. "ಮಕ್ಕಳೇ, ಈ ಸಲ ಮೊರ ಮಾಡೋಣ, ಬಾಗಿನ ಕೊಡೋಣ!" ಎಂದುಬಿಟ್ಟ.

ಬೇಡ ಎನ್ನಲು ಗಂಗರತ್ನ ಬಾಯಿ ತೆರೆದಳು. ತಮ್ಮ ತಮ್ಮ ತಾಯಂದಿರಿಗೆ ಕೊಡುತ್ತಾರೆ, ನನಗೇನು ಎಂದು ಸುಮ್ಮನಾದಳು. ಮಕ್ಕಳು ಅಂಗೈಯಗಲದ ಮೊರ ಮಡಿಸಿದರು. ಒಳಗೆ ತೊಗರಿಬೇಳೆ, ಬೆಲ್ಲದ ಚೂರು, ಗಾಜಿನ ಬಳೆಯ ತುಂಡು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವೇ ಕನ್ನಡಿ.

"ಈಗ ನಿಮಗೆ ತುಂಬಾ ಒಳ್ಳೇದು ಮಾಡಿದೋರು ಯಾರು ಅಂತ ಯೋಚಿಸಿ. ಅವರಿಗೆ ಕೊಡಿ" ಎಂದ ಬದರಿ.

ಮಕ್ಕಳು ಯೋಚಿಸಲೇ ಇಲ್ಲ. ಇಡೀ ಕ್ಲಾಸು ತಿರುಗಿ ಗಂಗರತ್ನಳ ಮೇಜಿನ ಕಡೆ ನುಗ್ಗಿತು. ಎಲ್ಲರಿಗಿಂತ ಮುಂದೆ ಸರ್ವಮಂಗಳ ಎಂಬ ಹುಡುಗಿ. ಸೆರಗಿಲ್ಲವಲ್ಲ, ಲಂಗದ ಅಂಚನ್ನೇ ಎತ್ತಿ ಮೊರಕ್ಕೆ ಮುಚ್ಚಿಕೊಂಡಿದ್ದಳು, ಅವಳಮ್ಮ ಮಾಡುವ ಹಾಗೆ.

"ಏಯ್, ನಿಲ್ಲಿ! ಅವರಿಗೆ ಬಾಗಿನ ಕೊಡಬಾರದು!"

ಹೆಡ್‌ಮಿಸ್ ನಾರಾಯಣಮ್ಮ ಬಾಗಿಲಲ್ಲಿ ನಿಂತಿದ್ದರು. ಕೆಟ್ಟವರಲ್ಲ, ಶಾಸ್ತ್ರಕ್ಕೆ ಹೆದರುವವರು.

"ಯಾಕೆ ಮಿಸ್?" ಎಂದು ಕೇಳಿದಳು ಸರ್ವಮಂಗಳ.

ಬದರಿ ಕಕ್ಕಾಬಿಕ್ಕಿಯಾಗಿ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ. ಗಂಗರತ್ನ, "ಹೆಡ್‌ಮಿಸ್ ಹೇಳಿದ ಹಾಗೆ ಕೇಳಿ" ಎಂದಷ್ಟೇ ಹೇಳಿ ಹೊರಗೆ ನಡೆದಳು. ಅವಳ ಹಿಂದೆ ನಾರಾಯಣಮ್ಮ ಅವನಿಗೆ ತಗ್ಗಿದ ದನಿಯಲ್ಲಿ ವಿಷಯ ತಿಳಿಸುತ್ತಿದ್ದದ್ದು ಕಿವಿಗೆ ಬಿತ್ತು.

ಶಾಲೆ ಬಿಟ್ಟ ಮೇಲೆ ನಲ್ಲಿಯ ಹತ್ತಿರ ಅವಳು ಮುಖ ತೊಳೆಯುತ್ತಿದ್ದಾಗ ಅವನು ಬಂದ.

"ತಪ್ಪಾಯ್ತು. ನಾವು ಅಯ್ಯಂಗಾರ್ರು, ನಮ್ಮ ಮನೇಲಿ ಗೌರಿ ಕೂರಿಸಲ್ಲ. ಬಾಗಿನ ಅಂದ್ರೆ ಹೆಂಗಸರು ಪ್ರೀತಿಯಿಂದ ಕೊಡೋ ಉಡುಗೊರೆ ಅಂದ್ಕೊಂಡಿದ್ದೆ. ಮುತ್ತೈದೆಯರಿಗೆ ಮಾತ್ರ ಅಂತ ಗೊತ್ತಿರಲಿಲ್ಲ."

"ನನ್ನ ವಿಷಯ?"

"ಅದೂ ಗೊತ್ತಿರಲಿಲ್ಲ. ಆ ಮೊರಗಳನ್ನ ಕಿತ್ತು ಹಾಕಿಬಿಡ್ತೀನಿ. ನಾಳೆ ಹೂದಾನಿ ಮಾಡಿಸೋಣ. ಮಕ್ಕಳು ಮರೆತುಬಿಡ್ತಾರೆ."

ಗಂಗರತ್ನ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ನಿಂತಳು. ಇಷ್ಟು ಹೊತ್ತು ಒತ್ತಿ ಹಿಡಿದ ಅಳು ಅಲ್ಲೇ ಸಿಟ್ಟಾಗಿ ತಿರುಗಿತು.

"ಮರೀತಾರಾ? ಇವತ್ತು ಆ ಮಕ್ಕಳು ಏನು ಕಲಿತ್ರು ಗೊತ್ತಾ ಸಾರ್ ನಿಮಗೆ? ಒಳ್ಳೇದು ಮಾಡಿದೋರಿಗೆ ಕೊಡಬೇಕು, ಆದ್ರೆ ಹಣೆ ನೋಡ್ಕೊಂಡು ಕೊಡಬೇಕು ಅಂತ! ನಾನು ಸುಮ್ನೆ ಎದ್ದು ಬಂದೆನಲ್ಲ, ಆ ಪಾಠ ಕಲಿಸಿದ್ದು ನಾನೇ. ಹೂದಾನಿ ಬೇಡ. ಅವು ನನ್ನ ಮೊರ. ನಾಳೆ ನಾನು ತಗೋತೀನಿ."

"ಹೆಡ್‌ಮಿಸ್ ಏನಂತಾರೆ?"

"ಅವರ ಹತ್ರ ನಾನು ಮಾತಾಡ್ತೀನಿ. ನೀವು ಕಿತ್ತು ಹಾಕದೇ ಇದ್ರೆ ಸಾಕು."

ಅವನು ಅವಳನ್ನೇ ನೋಡಿದ. ಕರುಣೆಯನ್ನು ನಿರೀಕ್ಷಿಸಿದ್ದಳು ಗಂಗರತ್ನ, ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದಳು. ಅವನ ಕಣ್ಣಲ್ಲಿ ಕರುಣೆ ಇರಲಿಲ್ಲ. ಅವಳೇ ಕಣ್ಣು ತಗ್ಗಿಸಬೇಕಾಯಿತು.

ನಾರಾಯಣಮ್ಮನ ರೂಮಿನಲ್ಲಿ ಮಾತು ಸುಲಭವಾಗಿರಲಿಲ್ಲ. "ಹಬ್ಬದ ಹೊತ್ನಲ್ಲಿ ಇದೆಲ್ಲ ಯಾಕಮ್ಮ? ಮಕ್ಕಳ ಮನೆಯೋರು ಬಂದು ಕೇಳಿದ್ರೆ ನಾನೇನು ಹೇಳಲಿ?"

"ನನ್ನ ಹತ್ರ ಕಳಿಸಿ ಮೇಡಂ. ಅವರ ಮಕ್ಕಳಿಗೆ ಅಕ್ಷರ ಕಲಿಸಿದ ಕೈ ಇದು. ಅಕ್ಷರ ತಗೊಳೋವಾಗ ಯಾರೂ ಶಾಸ್ತ್ರ ಕೇಳಲಿಲ್ಲ."

ನಾರಾಯಣಮ್ಮ ಬಹಳ ಹೊತ್ತು ಕನ್ನಡಕ ಒರೆಸಿದರು. "ನಾನು ನಾಳೆ ಆ ಕಡೆ ಬರಲ್ಲ" ಎಂದರು ಕೊನೆಗೆ. ಅವರಿಂದ ಅಷ್ಟು ಸಿಕ್ಕಿದ್ದೇ ದೊಡ್ಡದು.

ಮರುದಿನ ಗಂಗರತ್ನ ಕ್ಲಾಸಿನ ನಡುವೆ ಸೆರಗೊಡ್ಡಿ ನಿಂತಳು. "ನಿನ್ನೆ 'ಯಾಕೆ' ಅಂತ ಕೇಳಿದ್ಯಲ್ಲ ಸರ್ವಮಂಗಳ, ನಾನು ಉತ್ತರ ಹೇಳದೆ ಹೋದೆ. ತಪ್ಪು ನಂದು. ಕೊಡಬಾರದು ಅನ್ನೋಕೆ ಒಳ್ಳೇ ಕಾರಣ ಯಾವ್ದೂ ಇಲ್ಲ ಕಂದಾ. ಕೊಡು."

ಒಂದೊಂದಾಗಿ ಮೊರಗಳು ಸೆರಗಿಗೆ ಬಿದ್ದವು. ಹುಡುಗರೂ ಕೊಟ್ಟರು, ನಾಚಿಕೊಂಡು. ಯಾರಿಗೂ ಯಾರೂ ಹೇಳಿಕೊಡದೆ, "ಮಿಸ್, ನಂಗೆ ಓದೋಕೆ ಬರ್ತಿರಲಿಲ್ಲ, ಈಗ ಬರತ್ತೆ", "ಜ್ವರ ಬಂದಾಗ ನೀವೇ ಮನೆಗೆ ಬಿಟ್ರಿ" ಎಂದು ಅವರಾಗಿಯೇ ಒಂದೊಂದು ಮಾತು ಜೋಡಿಸಿದರು. ಕಣ್ಣು ತುಂಬಿ ಬಂದು ಮೂಗೊರೆಸಲು ಕೈಯಿಲ್ಲದೆ ನಿಂತಿದ್ದಾಗ, ಸಾಲಿನ ಕೊನೆಯಲ್ಲಿ ಉದ್ದನೆಯ ಆಳೊಂದು ಕಂಡಿತು. ಬದರಿ. ಕೈಯಲ್ಲೊಂದು ಗುಲಾಬಿ ಮೊರ.

ಮಕ್ಕಳು ಹೋ ಎಂದು ನಕ್ಕವು.

"ನಿಮಗೆ ನಾನೇನು ಒಳ್ಳೇದು ಮಾಡಿದೀನಿ ಸಾರ್?"

"ಇನ್ನೂ ಮಾಡಿಲ್ಲ. ಮುಂದೆ ಮಾಡ್ತೀರೇನೋ ಅಂತ ಆಸೆ."

"ಗಂಡಸರು ಬಾಗಿನ ಕೊಡೋ ಹಾಗಿಲ್ಲ. ಅದೂ ಗೊತ್ತಿಲ್ವಾ?"

"ನಂಗೇನೂ ಗೊತ್ತಿಲ್ಲ ಅಂತ ನಿನ್ನೇನೇ ಗೊತ್ತಾಯ್ತಲ್ಲ. ಕಲಿಸಿ."

ನಗು ತಡೆಯಲಾಗಲಿಲ್ಲ ಅವಳಿಗೆ. ಆದರೂ ದನಿ ಗಟ್ಟಿಯಾಗಿಯೇ ಬಂತು. "ಇದನ್ನ ಇಲ್ಲಿ ತಗೊಳಲ್ಲ. ಭಾನುವಾರ ಚಾಮರಾಜಪೇಟೆಗೆ ಬನ್ನಿ. ಅಪ್ಪನ ಎದುರು ಕೊಡೋ ಧೈರ್ಯ ಇದ್ರೆ ತಗೋತೀನಿ."

ಭಾನುವಾರ ಅವನು ಬಂದ. ಇಸ್ತ್ರಿ ಮಾಡಿದ ಷರಟು, ಒದ್ದೆ ಕ್ರಾಪು, ಕೈಯಲ್ಲಿ ಅದೇ ಮೊರ. ನಂಜುಂಡಯ್ಯನವರು ಈಜಿ ಚೇರಿನಲ್ಲೇ ಎದ್ದು ಕೂತರು.

"ಸರ್, ನಾನು... ಅಂದ್ರೆ... ನಿಮ್ಮ ಮಗಳು..." ಎಂದು ಬದರಿ ತಡವರಿಸುತ್ತಲೇ ಇದ್ದ. ಅಡುಗೆಮನೆ ಬಾಗಿಲಿನಿಂದ ನೋಡುತ್ತಿದ್ದ ಗಂಗರತ್ನಳಿಗೆ ತಾಳ್ಮೆ ಮುಗಿಯಿತು. ಕಾಫಿ ಲೋಟ ಕೆಳಗಿಟ್ಟು ಬಂದು, ಅವನ ಕೈಯಿಂದ ಮೊರವನ್ನು ಸೆರಗಿನಲ್ಲಿ ತೆಗೆದುಕೊಂಡಳು.

"ಅಪ್ಪಾ, ನಾನು ಇವರನ್ನ ಮದುವೆ ಆಗ್ತೀನಿ."

ನಂಜುಂಡಯ್ಯನವರು ಮಗಳ ತಲೆ ಸವರಿದರು. "ಈ ಮಾತು ನಾನೇ ಎತ್ತಬೇಕಾಗಿತ್ತು ಕಣಮ್ಮಾ. ಜನಕ್ಕೆ ಹೆದರಿ ಇಷ್ಟು ವರ್ಷ ಬಾಯಿ ಮುಚ್ಕೊಂಡು ಕೂತಿದ್ದೆ." ಆಮೇಲೆ ಬದರಿಯ ಕಡೆ ತಿರುಗಿದರು. "ನಿಮ್ಮ ತಾಯಿ ಒಪ್ತಾರೇನಪ್ಪಾ?"

"ಮೊದಲು ಬೈತಾರೆ ಸರ್. ಒಂದಷ್ಟು ದಿನ ಮಾತು ಬಿಡ್ತಾರೆ. ನಾನು ಬಿಡಲ್ಲ."

"ಹೆಣ್ಣು ಕೇಳೋಕೆ ಅವರು ಬರಲ್ಲ ಅನ್ನು. ಗಂಡು ಕೇಳೋಕೆ ನಾವೇ ಹೋಗೋಣ. ಗಂಗಾ, ನನ್ನ ಕೋಟು ಎಲ್ಲಿಟ್ಟಿದೀಯ?"

"ಸರ್, ಇವತ್ತೇನಾ?"

"ಮತ್ಯಾವತ್ತು?"

ಹಳೆಯ ಕೋಟಿನ ಗುಂಡಿ ಹಾಕುತ್ತಾ ನಂಜುಂಡಯ್ಯನವರು ಮುಂದೆ ಮುಂದೆ ನಡೆದರು. ಬದರಿ, ಗಂಗರತ್ನ ಹಿಂದೆ. ನಡುವೆ ಒಂದು ಮೊಳ ಅಂತರ, ರಸ್ತೆಯ ಜನ ನೋಡುತ್ತಾರಲ್ಲ. ಆಗ ಅವಳಿಗೆ ಹೊಳೆಯಿತು, ಇಷ್ಟೆಲ್ಲ ಆಗಿಯೂ ಹೇಳಬೇಕಾದ್ದನ್ನು ಇಬ್ಬರೂ ಹೇಳಿಕೊಂಡಿಲ್ಲ ಎಂದು.

"ರೀ, ನಿಲ್ಲಿ" ಎಂದಳು. ಅವನು ನಿಂತ. "ನೀವಂದ್ರೆ ನಂಗೆ ತುಂಬಾ ಇಷ್ಟ."

ಅವನು ಕಿವಿಯವರೆಗೂ ಕೆಂಪಾದ.

"ಬೇಗ ಬನ್ರೋ! ಬಸ್ಸು ಬಂತು!" ಎಂದು ನಂಜುಂಡಯ್ಯನವರು ಸ್ಟಾಪಿನಿಂದ ಕೂಗಿದರು. ಗಂಗರತ್ನ ಅವನ ಕೈ ಹಿಡಿದು, ನೋಡುವವರೆಲ್ಲ ನೋಡಲಿ ಎಂದು, ಬಸ್ಸಿನ ಕಡೆ ಓಡಿದಳು.