ಹಿಮ್ಮಡಿ ಗುರುತಿಲ್ಲದ ಪಾದುಕೆ

ಒಂದು ಜೊತೆ ಪಾದುಕೆ ಮೆಟ್ಟಿಕೊಂಡರೆ ದೊಡ್ಡ ಪದವಿ, ಮೇಲೆ ಕಾಣೆಯಾದ ಅಣ್ಣನ ಭೇಟಿ. ಬಹಳ ಹಿಂದೆ ಏಣಿಗಿರಿ ಎಂಬ ರಾಜ್ಯದಲ್ಲಿ ಉಪ್ಪು ಮಾರುವ ಕೆಂಚವ್ವನಿಗೆ ಹೀಗೊಂದು ಕರೆ ಬಂತು. ಕಳಿಸಿದವನು ಮಂತ್ರಿ ವಕ್ರದತ್ತ. ಕೆಂಚವ್ವ ಇಪ್ಪತ್ತು ವರ್ಷ ಸಂತೆ ಮಾಡಿದವಳು. ಕೇಳದೆ ಬಂದ ಲಾಭವನ್ನು ಎರಡು ಸಲ ತಿರುಗಿಸಿ ನೋಡುತ್ತಿದ್ದಳು.

ಏಣಿಗಿರಿಯ ಕಟ್ಟಳೆ ಹೀಗಿತ್ತು: ಮೇಲಿನವರು ತೊಟ್ಟು ಬಿಟ್ಟದ್ದನ್ನೇ ಕೆಳಗಿನವರು ತೊಡಬೇಕು. ಹೊಸದನ್ನು ಕೊಟ್ಟವರೂ ತಪ್ಪಿತಸ್ಥರು, ತೊಟ್ಟವರೂ ತಪ್ಪಿತಸ್ಥರು. ಅವರನ್ನು ಅರಮನೆಯ ಎರಡು ಮಾತಾಡುವ ಹುಲಿಗಳು ತಿಂದುಬಿಡುತ್ತಿದ್ದವು. ಕಟ್ಟಳೆ ಬರೆದವನೂ ವಕ್ರದತ್ತನೇ, ಹುಲಿಗಳಿಗೆ ಮಂತ್ರ ಹಾಕಿದವನೂ ಅವನೇ. ಉಪ್ಪಿನವರಿಗಂತೂ ಹಳೆಯ ಮೆಟ್ಟೂ ಇಲ್ಲ, ಬರಿಗಾಲೇ ಗತಿ.

ಅರಮನೆ ಗುಡ್ಡದ ಮೇಲಿತ್ತು. ಮೂರು ವರ್ಷದ ಹಿಂದೆ ಅಣ್ಣ ದ್ಯಾವಣ್ಣ ಅಲ್ಲಿಗೆ ಹತ್ತಿ ಹೋಗಿದ್ದ. ಪದವಿ ಸಿಕ್ಕಿತೆಂದು ಸುದ್ದಿ ಬಂತು, ಆಳು ಬರಲಿಲ್ಲ. ಅಣ್ಣನೆಲ್ಲಿ ಎಂದು ಕೆಂಚವ್ವ ಸಂತೆ ಸಂತೆಯಲ್ಲಿ ಕೇಳುತ್ತಿದ್ದಳು. ಆ ಬಾಯಿ ಮುಚ್ಚಿಸಲೆಂದೇ ಈ ಕರೆ ಬಂದಿರಬೇಕು ಎಂದು ಅವಳ ಗುಮಾನಿ.

ಬುಟ್ಟಿ ತಲೆಯ ಮೇಲಿಟ್ಟು ಹೊರಟಳು. ಅಣ್ಣ ಹೋದಾಗ ಎಂಬತ್ತು ಮೆಟ್ಟಿಲಿದ್ದವು. ಈಗ ತೊಂಬತ್ತೊಂಬತ್ತು. 'ಕಟ್ಟಿದ ಕಲ್ಲುಕುಟಿಗನನ್ನು ಯಾರೂ ಕಂಡಿಲ್ಲವಲ್ಲ' ಎಂದುಕೊಂಡಳು. ಹುಲ್ಲಿನ ಮೇಲೆ ಇಬ್ಬನಿ ಇತ್ತು, ಆದರೂ ಅಂಗಾಲಿಗೆ ಕಲ್ಲು ಬೆಚ್ಚಗೆ ತಾಗಿತು. ಮೆಟ್ಟು ಹಾಕಿದವರಿಗೆ ಅದು ತಿಳಿಯುವಂಥದ್ದಲ್ಲ.

ಮೊದಲ ಕಟ್ಟೆಯಲ್ಲಿ ಆಳೆತ್ತರದ ಕೊಕ್ಕರೆ ನಿಂತಿತ್ತು. "ಬಾರೇ ಉಪ್ಪಿನವಳೇ. ಇಗೋ ತೊಗಲಿನ ಮೆಟ್ಟು, ಮಂತ್ರಿಗಳು ಮೆಟ್ಟಿ ಬಿಟ್ಟದ್ದು. ಹಾಕಿಕೋ, ಊರಿಗೆ ಗೌಡತಿಯಾಗ್ತೀ."

"ಇನ್ನೂ ಮೇಲೆ ಕಟ್ಟೆ ಇದೆಯಲ್ಲ? ಮೊದಲು ಹೇಳಿದ ಬೆಲೆಗೇ ತೂಗೋಳಲ್ಲ ನಾನು."

ಎರಡನೆಯ ಕಟ್ಟೆಯಲ್ಲಿ ಕರಡಿ ಕೂತಿತ್ತು. "ಇಗೋ ಮರದ ಹಾವುಗೆ, ಮಂತ್ರಿಗಳು ಮೆಟ್ಟಿ ಬಿಟ್ಟದ್ದು. ಹಾಕಿಕೋ, ನಾಡಿಗೆ ಒಡತಿಯಾಗ್ತೀ."

"ಇನ್ನೂ ಮೇಲೆ ಕಟ್ಟೆ ಇದೆಯಲ್ಲ? ಎರಡನೇ ಬೆಲೆಗೂ ತೂಗೋಳಲ್ಲ."

ಮುಂದೆ ಎಂಬತ್ತೊಂದನೆಯ ಮೆಟ್ಟಿಲು ಒದ್ದೆಯಾಗಿತ್ತು. ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟಳು. ಯಾವ ಉಪ್ಪು ಎಲ್ಲಿಯದೆಂದು ಅವಳ ನಾಲಿಗೆಗೆ ಗೊತ್ತು. ಇದು ಕಣ್ಣೀರಿನದು. ಅಣ್ಣ ಎಲ್ಲಿದ್ದಾನೆಂದು ಆಗ ತಿಳಿಯಿತು. ಅಲ್ಲಿಂದ ಮುಂದೆ ಹಗುರವಾಗಿ ಕಾಲಿಟ್ಟಳು.

ಮೂರನೆಯ ಕಟ್ಟೆಯಲ್ಲಿ ವಕ್ರದತ್ತನಿದ್ದ. ಅಕ್ಕಪಕ್ಕದಲ್ಲಿ ಹುಲಿಗಳು.

"ಬಂದೆಯಾ ಕೆಂಚಿ? ಇಗೋ ಬೆಳ್ಳಿ ಪಾದುಕೆ, ನಾನೇ ಮೆಟ್ಟಿ ಬಿಟ್ಟದ್ದು. ಹಾಕಿಕೋ, ನನ್ನ ನಂತರ ನೀನೇ."

ಕೆಂಚವ್ವ ಪಾದುಕೆ ಎತ್ತಿ ಮಗುಚಿ ನೋಡಿದಳು. "ಧಣೀ, ತಪ್ಪು ತಿಳೀಬಾರದು. ಎಷ್ಟು ದಿನ ಮೆಟ್ಟಿದಿರಿ?"

"ವರ್ಷಗಟ್ಟಲೆ."

"ಹಿಮ್ಮಡಿ ಗುರುತೇ ಇಲ್ಲ. ಅಡಿಯಲ್ಲಿ ಒಂದು ಗೀರಿಲ್ಲ. ಈಗಷ್ಟೇ ಬೆಳಗಿಟ್ಟ ತಟ್ಟೆಯ ಹಾಗಿದೆ."

ಹುಲಿಗಳು ಎದ್ದು ನಿಂತವು. "ಹೊಸದೋ?" ಎಂದಿತು ಒಂದು. "ಮಂತ್ರಿಗಳ ಮಾತನ್ನು ಇದುವರೆಗೆ ಯಾರೂ ಮಗುಚಿ ನೋಡಿರಲಿಲ್ಲ," ಎಂದಿತು ಇನ್ನೊಂದು.

"ಅವಸರ ಬೇಡ, ಹುಲಿರಾಯರೇ," ಎಂದಳು ಕೆಂಚವ್ವ. "ಧಣಿಗಳು ಈಗಲೇ ಮೆಟ್ಟಿ ಎರಡು ಹೆಜ್ಜೆ ಹಾಕಲಿ. ಹಳೆಯದಾಗುತ್ತದೆ, ಆಮೇಲೆ ನಾನು ಮೆಟ್ಟುತ್ತೇನೆ."

"ನನ್ನ ಮೇಲೆ ನಂಬಿಕೆ ಇಲ್ಲವೇ?"

"ನಂಬಿಕೆ ಬೇರೆ, ಸರಕು ಬೇರೆ, ಧಣಿ."

ಹುಲಿಗಳು ಒಂದು ಹೆಜ್ಜೆ ಹತ್ತಿರ ಬಂದವು. ವಕ್ರದತ್ತ ತಡೆಮಂತ್ರ ಗೊಣಗುತ್ತಾ ಪಾದುಕೆಯೊಳಗೆ ಕಾಲಿಟ್ಟ. ಮಂತ್ರ ಮುಗಿಯುವ ಮೊದಲೇ ಕಲ್ಲಾದ.

ಒಡನೆ ಮೆಟ್ಟಿಲುಗಳೆಲ್ಲ ಮನುಷ್ಯರಾಗಿ ಎದ್ದವು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಸ್ವತಃ ರಾಜ. ಚಕ್ರವರ್ತಿಯ ಪದವಿ ಎಂದಾಗ ಅವನೂ ಕಾಲು ಚಾಚಿದ್ದ.

ದ್ಯಾವಣ್ಣ ಬೆನ್ನು ನೀವಿಕೊಂಡ. "ಮೂರು ವರ್ಷ ತುಳಿದರಲ್ಲೇ ತಂಗೀ."

"ಮೊದಲ ಬೆಲೆಗೇ ಒಪ್ಪಿದ್ದು ನೀನಲ್ಲವಾ?"

ಕೊಕ್ಕರೆ ಹಾರಿಹೋಯಿತು, ಕರಡಿಯೂ ಹುಲಿಗಳೂ ಕಾಡು ಸೇರಿದವು. ರಾಜ ಕಟ್ಟಳೆಯನ್ನು ಸುಟ್ಟುಹಾಕಿದ. ಅಂದಿನಿಂದ ಏಣಿಗಿರಿಯಲ್ಲಿ ಎಲ್ಲರೂ ತಮ್ಮ ತಮ್ಮ ಅಳತೆಯ ಮೆಟ್ಟು ಮೆಟ್ಟಿ ಸುಖವಾಗಿದ್ದರು.

ಕೆಂಚವ್ವ ಮನೆಗೆ ಬಂದು ಲೆಕ್ಕ ನೋಡಿದಳು. ಹೋದದ್ದು, ಮೆಟ್ಟಿಲು ಎದ್ದ ಗಡಿಬಿಡಿಯಲ್ಲಿ ಚೆಲ್ಲಿದ ಅರ್ಧ ಬುಟ್ಟಿ ಉಪ್ಪು. ಬಂದದ್ದು, ತೊಂಬತ್ತೊಂಬತ್ತು ಮಂದಿ, ಅವರಲ್ಲಿ ಒಬ್ಬ ಅಣ್ಣ. ತಾನೇ ಆರಿಸಿ ತಂದ ಒಂದು ಜೊತೆ ಹೊಸ ಮೆಟ್ಟು. ಮತ್ತೆ ಅರಮನೆಯ ಬಾಗಿಲಲ್ಲಿ, ಬಂದವರು ಕಾಲಿನ ಮಣ್ಣು ಒರೆಸಿಕೊಳ್ಳಲು ಒಂದು ಗಟ್ಟಿ ಕಲ್ಲು.